ಹಂದಿ ಕಂಬಿ ಕಚ್ಚೋದು ಸೊಕ್ಕಿಗಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ದು ಚಿಕ್ಕ ಹಂದಿ ಫಾರಂ, ಯಾರ್ಕ್‌ಷೈರ್ ತಳಿ. ಗಬ್ಬದ ಹಂದಿಗಳನ್ನ ಒಂದೊಂದಾಗಿ ಕಬ್ಬಿಣದ ಕೇಜಲ್ಲಿ ಇಟ್ಟಿದೀವಿ. ಫೀಡ್ ತಿಂದಾದ್ಮೇಲೆ ಗಂಟೆಗಟ್ಲೆ ಕಂಬಿ ಕಚ್ತವೆ, ಬಾಯಲ್ಲಿ ಏನೂ ಇಲ್ದಿದ್ರೂ ಜಗೀತಾ ನೊರೆ ಸುರಿಸ್ತವೆ. ಪಕ್ಕದ ಶೆಡ್ಡಲ್ಲಿ ಮರಿಗಳು ಒಂದರ ಬಾಲ ಇನ್ನೊಂದು ಕಚ್ಚಿ ರಕ್ತ ಬರ್ಸಿವೆ. ಸೊಕ್ಕು ಜಾಸ್ತಿ, ಬಾಲ ಕಟ್ ಮಾಡ್ಸಿ ಅಂತಾರೆ. ಏನ್ಮಾಡ್ಲಿ?
— ಓದುಗರು, ದೊಡ್ಡಬಳ್ಳಾಪುರ

ಉತ್ತರ: ಸೊಕ್ಕಲ್ಲ ಇದು, ಹಸಿವು, ಜೊತೆಗೆ ಮೂತಿಗೆ ಕೆಲ್ಸ ಇಲ್ಲ. ಗಬ್ಬದ ಹಂದಿಗೆ ಕೊಬ್ಬು ಬರಬಾರ್ದು ಅಂತ ದಿನಕ್ಕೆ ಎರಡು ಎರಡೂವರೆ ಕೇಜಿ ಫೀಡ್ ಅಷ್ಟೇ ಹಾಕೋದು ಅಲ್ವಾ, ಅದನ್ನ ಸ್ವಲ್ಪ ಹೊತ್ತಲ್ಲೇ ಮುಗಿಸ್ಬಿಡುತ್ತೆ, ಮೈಗೆ ಬೇಕಾದ್ದು ಸಿಕ್ಕಿರುತ್ತೆ ಆದ್ರೆ ಹೊಟ್ಟೆ ತುಂಬಿರಲ್ಲ, ಉಳಿದ ಹೊತ್ತೆಲ್ಲಾ ತಿರುಗೋಕೂ ಆಗದ ಎರಡಡಿ ಅಗಲದಲ್ಲಿ ನಿಂತಿರ್ಬೇಕು. ಎಡಿನ್‌ಬರೋದಲ್ಲಿ ಸ್ಟೋಲ್ಬಾ, ವುಡ್-ಗಷ್ ಅನ್ನೋ ವಿಜ್ಞಾನಿಗಳು ಫಾರಂ ಹಂದಿಗಳನ್ನೇ ಮರಗಿಡ ಇರೋ ಬಯಲಿಗೆ ಬಿಟ್ಟು ನೋಡಿದ್ರು, 1989ರಲ್ಲಿ ಅದು ಪ್ರಕಟ ಆಯ್ತು, ಹಗಲಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ಅವು ಮೇಯೋದು ನೆಲ ಕೆದಕೋದು ಇದೇ ಮಾಡ್ತಿದ್ವು. ನಿಮ್ಮ ಹಂದಿಗೂ ಅದೇ ಆಸೆ ಇದೆ, ಸಿಗೋದು ಕಂಬಿ ಮಾತ್ರ. ಇನ್ನೊಂದು ನೋಡಿ, ಕೆಲವು ನಾಯಿ ಥರ ಕೂತು ತಲೆ ತಗ್ಗಿಸ್ಕೊಂಡು ಸುಮ್ನೆ ಇರ್ತವೆ, ನಾವು ಶಾಂತವಾಗಿದೆ ಅನ್ಕೋತೀವಿ, ನನಗೆ ಕಂಬಿ ಕಚ್ಚೋದಕ್ಕಿಂತ ಅದನ್ನ ನೋಡಿದ್ರೇ ಸಂಕಟ ಆಗುತ್ತೆ.

ಮೊದಲು ದಿನಾ ಭತ್ತದ ಹುಲ್ಲು, ನೇಪಿಯರ್ ಅನ್ನೋ ಮೇವಿನ ಹುಲ್ಲು, ಬಾಳೆದಿಂಡು ಹಾಕಿ, ಬೂಷ್ಟು ಹಿಡಿದಿರೋ ಹುಲ್ಲು ಮಾತ್ರ ಬೇಡ. ಆಮೇಲೆ ಕೇಜ್ ಬಿಡ್ಸಿ ನಾಲ್ಕೈದನ್ನ ಒಟ್ಟಿಗೆ ಬಿಡಿ. ಮೊದಲ ಒಂದೆರಡು ದಿನ ಕಿತ್ತಾಡ್ತವೆ, ಆದ್ರಿಂದ ಓಡಿ ತಪ್ಪಿಸ್ಕೊಳ್ಳೋಕೆ ಜಾಗ ಇರ್ಲಿ, ತಿನ್ನುವಾಗ ಮಧ್ಯೆ ತಡೆ ಇರ್ಲಿ. ವರ್ಷಗಟ್ಲೆ ಕೇಜಲ್ಲಿದ್ದ ಹಂದಿ ಈ ಚಾಳಿ ಪೂರ್ತಿ ಬಿಡದೇ ಇರಬಹುದು, ಅದಕ್ಕೆ ಹೊಸ ಹೆಣ್ಣುಮರಿಗಳನ್ನ ಮಾತ್ರ ದಯವಿಟ್ಟು ಕೇಜಿಗೆ ಹಾಕ್ಬೇಡಿ. ಬ್ರಿಟನ್ನಲ್ಲಿ 1999ರಲ್ಲೇ ಈ ಕೇಜ್ ನಿಷೇಧ ಆಯ್ತು. ನಮ್ಮಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸರಿಯಾಗಿ ಓಡಾಡೋಕಾಗದಷ್ಟು ಚಿಕ್ಕ ಗೂಡಲ್ಲಿ ಪ್ರಾಣಿ ಇಡೋದು ಅಪರಾಧ.

ಬಾಲದ ವಿಷಯ. ಗಾಯ ಆದವನ್ನ ಇವತ್ತೇ ಬೇರೆ ಮಾಡಿ, ರಕ್ತ ಕಂಡ್ರೆ ಉಳಿದವೂ ಮುತ್ಕೊಳ್ತವೆ, ಕೀವಾದ್ರೆ ಬೆನ್ನುಮೂಳೆವರೆಗೂ ಹೋಗುತ್ತೆ, ನಿಮ್ಮೂರ ಪಶುವೈದ್ಯರಿಗೆ ತೋರ್ಸಿ. ಕಚ್ಚೋ ಮರಿ ಯಾವ್ದು ಅಂತ ಗುರುತಿಸಿ ಅದನ್ನೂ ತೆಗೀರಿ. ಬಾಲ ಕತ್ತರಿಸಿದ್ರೆ ಕಾರಣ ಹಾಗೇ ಉಳಿಯುತ್ತೆ, ಕಿವಿ ಕಚ್ಚೋಕೆ ಶುರು ಮಾಡಬಹುದು. ಜಾಗ ಸಾಲ್ದಾ, ಸೆಕೆನಾ, ಅಮೋನಿಯಾ ವಾಸನೆ ಕಣ್ಣಿಗೆ ಚುಚ್ಚುತ್ತಾ, ಫೀಡಲ್ಲಿ ಉಪ್ಪು ಪ್ರೋಟೀನ್ ಕಮ್ಮಿನಾ, ಎಲ್ಲಾ ಒಟ್ಟಿಗೆ ತಿನ್ನೋಕೆ ತೊಟ್ಟಿ ಸಾಕಾ, ನೋಡಿ. ಬರೀ ಚೈನ್ ನೇತು ಹಾಕಿದ್ರೆ ಬೇಗ ಬೇಜಾರಾಗುತ್ತೆ, ಕಚ್ಚಿ ಹರಿಯೋಕೆ ಬರೋ ಹುಲ್ಲು, ಜೋಳದ ದಂಟು ಕೊಡಿ. ದಿನಾ ಬೆಳಿಗ್ಗೆ ಫೀಡ್ ಹಾಕುವಾಗ ಹಿಂದಿನಿಂದ ನೋಡಿ, ಸುರುಳಿ ಸುತ್ಕೊಂಡಿರ್ಬೇಕಾದ ಬಾಲ ಕಾಲ ಮಧ್ಯೆ ಒತ್ಕೊಂಡಿದ್ರೆ ಕಚ್ಚಾಟ ಶುರುವಾಗ್ತಿದೆ ಅಂತ, ರಕ್ತ ಬರೋಕ್ಮುಂಚೆನೇ ಹುಲ್ಲು ಜಾಸ್ತಿ ಮಾಡಿ.