ಕಾನಾ ಊರಿನ ಮದುವೆಯಿಂದ ನಮಗೇನು ಸಿಗುತ್ತದೆ?

ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಹೆಂಡತಿ ನಡುವೆ ಮಾತು ಕಡಿಮೆಯಾಗಿದೆ, ಕಾನಾದ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಅದ್ಭುತ ನಮಗೇನು ಕಲಿಸುತ್ತದೆ ಎಂದು ಗದಗ-ಬೆಟಗೇರಿಯಿಂದ ಕೇಳಿದ್ದೀರಿ ಅಕ್ಕಾ.

ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 2ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಯೇಸುವನ್ನು ಕರೆದಿದ್ದ ಮದುವೆಯಲ್ಲೇ ದ್ರಾಕ್ಷಾರಸ ಮುಗಿಯಿತು. ನಮ್ಮ ಕಡೆ ಬೀಗರ ಪಂಕ್ತಿಯಲ್ಲಿ ಗೋಧಿ ಹುಗ್ಗಿ ಸಾಲದೆ ಹೋದರೆ ಹೇಗಿರುತ್ತದೆ, ಹಾಗೆ. ಅಂದರೆ ಕೊರತೆ ಬಂದ ಮಾತ್ರಕ್ಕೆ ದೇವರು ನಿಮ್ಮ ಮನೆ ಬಿಟ್ಟು ಹೋದ ಎಂದಲ್ಲ.

ಯೇಸುವಿನ ತಾಯಿ ಮರಿಯಳು ಯಾರ ತಪ್ಪನ್ನೂ ಹುಡುಕಲಿಲ್ಲ. ದ್ರಾಕ್ಷಾರಸ ಇಲ್ಲ ಎಂದು ಮಗನಿಗೆ ಹೇಳಿದಳು, ಅಷ್ಟೇ. ನನ್ನ ಸಮಯ ಇನ್ನೂ ಬಂದಿಲ್ಲ ಎಂಬ ಉತ್ತರ ಕೇಳಿಯೂ ಅವಳ ನಂಬಿಕೆ ಕದಲಲಿಲ್ಲ. ನೀವೂ ನೆಂಟರಿಗೆಲ್ಲ ಹೇಳುವ ಮೊದಲು ಪ್ರಾರ್ಥನೆಯಲ್ಲಿ ಹೇಳಿ.

ನನಗೆ ಜಾಸ್ತಿ ಇಷ್ಟವಾಗುವುದು ಆ ಮದುವೆಮನೆಯ ಕೆಲಸದವರು. ಆರು ಕಲ್ಲಿನ ಬಾನೆಗಳು, ಒಂದೊಂದಕ್ಕೂ ಸುಮಾರು 80ರಿಂದ 120 ಲೀಟರ್ ನೀರು. ನಲ್ಲಿ ಇಲ್ಲದ ಕಾಲ. ನೀರಿಗಾಗಿ ಕಾದು ಗೊತ್ತಿರುವ ನಮಗೆ ಆ ಶ್ರಮ ಅರ್ಥವಾಗುತ್ತದೆ, ಅಲ್ವಾ? ಯೇಸು ಹೇಳಿದಂತೆ ಅವರು ಅಂಚಿನ ತನಕ ತುಂಬಿದರು. ಮುಂದೇನಾಗುತ್ತದೆ ಎಂದು ಅವರಿಗೆ ತಿಳಿದಿರಲಿಲ್ಲ. ಆ ನೀರೇ ದ್ರಾಕ್ಷಾರಸವಾಯಿತು. ನಿಮ್ಮ ಪಾಲಿನ ನೀರು ಎಂದರೆ ರಾತ್ರಿ ಜೊತೆಗೆ ಕೂತು ಉಣ್ಣುವುದು, ಒಂದು ಅಧ್ಯಾಯ ಓದುವುದು, ಮೊದಲ ಮಾತು ನೀವೇ ಆಡುವುದು. ಇವತ್ತೇ ಶುರು ಮಾಡಿ.

ಆದರೆ ಹೊಡೆತ, ಬೆದರಿಕೆ ಇದ್ದರೆ ಮಾತು ಬೇರೆ. ಆಗ ಸುಮ್ನೆ ಸಹಿಸಬೇಡಿ. ತವರಿಗೂ ನಿಮ್ಮ ಪಾಸ್ಟರಿಗೂ ಕೂಡಲೇ ತಿಳಿಸಿ.