ರೈಫಲ್ ಒದೆತಕ್ಕೆ ಯಾವ ಪ್ಯಾಡ್ ಒಳ್ಳೆಯದು?

ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತಲ್ಲ, ಆ ಪೆಟ್ಟು ತಡೆಯೋ ಮೆತ್ತನೆ ಪ್ಯಾಡ್ ಆಮೇಲೆ ತಗೊಳ್ಳಿ. ಹೆಗಲು ನೀಲಿಗಟ್ಟಿದೆ, ಗುರಿಯೂ ಕೆಡ್ತಿದೆ ಅಂತ ಬರೆದಿದ್ದೀರಲ್ಲ, ಅದು ಪೂರ್ತಿ ನನ್ನದೇ ಕಥೆ.

1994ರಲ್ಲಿ ತುಮಕೂರಿನಲ್ಲಿ ಡಿಗ್ರಿ ಓದುತ್ತಾ ಎನ್‌ಸಿಸಿಯಲ್ಲಿದ್ದೆ. ಸಣ್ಣ ಗುಂಡಿನ .22 ರೈಫಲ್ ಕೊಟ್ಟರೆ 25 ಗಜದಿಂದ ಐದೂ ಗುಂಡು ಒಂದೇ ಕಡೆ ಗುಂಪಾಗಿ ಕೂರುತ್ತಿದ್ದವು. ಆಮೇಲೆ ಕ್ಯಾಂಪಿನಲ್ಲಿ ದೊಡ್ಡ ಗುಂಡಿನ ತ್ರೀ ನಾಟ್ ತ್ರೀ (.303) ರೈಫಲ್ ಕೈಗೆ ಬಂತು. ಕತ್ತೆ ಒದ್ದಂಗೆ ಒದೆಯುತ್ತೆ ಅಂತ ಸೀನಿಯರ್‌ಗಳು ಮೊದಲೇ ಹೆದರಿಸಿದ್ದರು.

ಆ ಹೆದರಿಕೆಯಲ್ಲೇ ತಪ್ಪು ಮಾಡಿದೆ. ಬಟ್ಟನ್ನು, ಅಂದ್ರೆ ರೈಫಲ್ಲಿನ ಹಿಂಬದಿಯ ಮರದ ಭಾಗವನ್ನು, ಹೆಗಲಿಗೆ ತಾಗಿಸದೆ ಎರಡು ಬೆರಳು ಸಂದು ಬಿಟ್ಟು ಹಿಡಿದೆ. ದೂರ ಇದ್ದರೆ ಪೆಟ್ಟು ಕಮ್ಮಿ ಅನ್ನೋದು ನನ್ನ ಲೆಕ್ಕ. ಆಗೋದು ಉಲ್ಟಾ. ಒತ್ತಿ ಹಿಡಿದರೆ ನಿಮ್ಮ ಮೈ ಭಾರವೂ ರೈಫಲ್ ಜೊತೆ ಸೇರುತ್ತದೆ, ಅದು ನಿಮ್ಮನ್ನು ತಳ್ಳುತ್ತದೆ ಅಷ್ಟೇ. ಸಂದು ಬಿಟ್ಟರೆ ನಾಲ್ಕು ಕೆಜಿ ರೈಫಲ್ ಒಂದೇ ಓಡಿ ಬಂದು ಗುದ್ದುತ್ತದೆ. ಸುತ್ತಿಗೆಯನ್ನು ಕೈ ಮೇಲೆ ಇಟ್ಟು ಒತ್ತೋದೂ, ಎತ್ತಿ ಹೊಡೆಯೋದೂ ಒಂದೇನಾ? ಬಟ್ಟಿನ ತುದಿಗಿರೋ ಹಿತ್ತಾಳೆ ತಗಡು ಸರಿಯಾಗಿ ಕತ್ತಿನ ಪಕ್ಕದ ಮೂಳೆ ಮೇಲೆ ಬಂದು ಕೂತಿತು. ಹದಿನೈದು ದಿನ ಅಂಗಿ ತಾಗಿದರೂ ಉರಿ.

ಗಾಯ ಮಾಯಿತು, ಭಯ ಹೋಗಲಿಲ್ಲ. ಒದೆಯದ .22ರಲ್ಲೂ ಟ್ರಿಗರ್ ಅರ್ಧ ಎಳೆಯುವಾಗಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಶೂಟಿಂಗ್ ಟೀಮಿನ ಆಯ್ಕೆಯಲ್ಲಿ ಗುಂಡುಗಳೆಲ್ಲ ಕೆಳಕ್ಕೆ ಬಿದ್ದವು, ನನ್ನ ಹೆಸರೂ ಬಿತ್ತು. ಇವತ್ತಿಗೂ ಅದು ಬೇಜಾರೇ.

ಕಾರಣ ತೋರಿಸಿದ್ದು ಒಬ್ಬ ಹವಾಲ್ದಾರರು. ನನಗೆ ಹೇಳದೆ ಗುಂಡುಗಳ ನಡುವೆ ಒಂದು ಡಮ್ಮಿ ರೌಂಡ್, ಅಂದ್ರೆ ಮದ್ದಿಲ್ಲದ ಹುಸಿ ಗುಂಡು, ಸೇರಿಸಿದರು. ಟಕ್ ಅಂತು, ಗುಂಡು ಹಾರಲಿಲ್ಲ. ಆದರೂ ನಳಿಗೆ ತುದಿ ಗಬಕ್ಕನೆ ಕೆಳಗೆ ಬಗ್ಗಿತು. ಬಗ್ಗಿಸಿದ್ದು ಯಾರು? ನಾನೇ ಅಲ್ವಾ!

ಒದೆತದಿಂದ ಗುರಿ ಕೆಡ್ತಿದೆ ಅನ್ನೋ ನಿಮ್ಮ ಮಾತನ್ನು ಅದಕ್ಕೇ ನಾನು ಒಪ್ಪಲ್ಲ. ಒದೆತ ಹೆಗಲಿಗೆ ಗೊತ್ತಾಗೋ ಹೊತ್ತಿಗೆ ಗುಂಡು ನಳಿಗೆ ದಾಟಿರುತ್ತದೆ. ಪ್ಯಾಡ್ ಹಾಕಿದರೆ ನೋವು ಕಮ್ಮಿಯಾಗುತ್ತದೆ ನಿಜ, ಕಣ್ಣು ಮುಚ್ಚೋದು ನಿಲ್ಲಲ್ಲ. ದಪ್ಪ ಪ್ಯಾಡಿನಿಂದ ಬಟ್ ಉದ್ದ ಜಾಸ್ತಿಯಾಗಿ ಕೆನ್ನೆ ಕೂರೋ ಜಾಗವೇ ತಪ್ಪಬಹುದು.

ಮೂಳೆ ಬಿಟ್ಟು, ಹೆಗಲಿನ ಒಳಗಿನ ಮೆತ್ತನೆ ಗುಳಿಗೆ ಬಟ್ ಒತ್ತಿ. ಕೆನ್ನೆ ಬಟ್ಟಿನ ಮರಕ್ಕೆ ಅಂಟಿರಲಿ. ಕಿವಿಗೆ ಪ್ಲಗ್ ಹಾಕಿ, ನನಗಂತೂ ಅರ್ಧ ಭಯ ಸದ್ದಿನದೇ ಆಗಿತ್ತು. ಎರಡು ವಾರ ದೊಡ್ಡ ರೈಫಲ್ ಮುಟ್ಟಬೇಡಿ, .22ಕ್ಕೆ ವಾಪಸ್ ಹೋಗಿ. ಡಮ್ಮಿ ತುಂಬೋ ಕೆಲಸ ಕೋಚ್‌ಗೆ ಬಿಡಿ. ಡಮ್ಮಿ ಬಂದಾಗಲೂ ನಳಿಗೆ ತುದಿ ಅಲುಗದೆ ನಿಂತರೆ, ಆಗ ಪ್ಯಾಡ್ ವಿಷಯ ಮಾತಾಡೋಣ.