ಕೋಲ್ಡ್ ರೂಮಿನಲ್ಲಿ ಹಣ್ಣು ಬೇಗ ತಣ್ಣಗಾಗುತ್ತಿಲ್ಲ. ದೊಡ್ಡ ಫ್ಯಾನ್ ಹಾಕಿಸಲಾ, ಕಂಪ್ರೆಸರ್ ಬದಲಿಸಲಾ?

ಎರಡೂ ಬೇಡ. ಸದ್ಯಕ್ಕಂತೂ ಬೇಡ. "ಫ್ಯಾನಿಗೆ ವಾಪಸ್ ಬರುವ ಗಾಳಿ 2 ಡಿಗ್ರಿ ಇದೆ, ಆದರೂ ಹಣ್ಣು ಬಿಸಿಯಾಗೇ ಇದೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ಇದೇ ಮಾತನ್ನು ನಾನು ಸರ್ವೀಸ್ ಹುಡುಗನಿಗೆ ಫೋನಿನಲ್ಲಿ ರೇಗುತ್ತಾ ಹೇಳಿದ್ದೆ.

ನಮ್ಮದು ಸ್ಟ್ರಾಬೆರಿ. ಟನಲ್ ಪದ್ಧತಿ, ಪ್ರಾಯಶಃ ನಿಮ್ಮದೂ ಅದೇ. ಪ್ಯಾಲೆಟ್‌ಗಳನ್ನು (ಮರದ ಅಡಿಹಲಗೆಯ ಮೇಲೆ ಪೇರಿಸಿದ ಬಾಕ್ಸುಗಳ ಅಟ್ಟಿ) ಎರಡು ಸಾಲಾಗಿ ನಿಲ್ಲಿಸಿ ನಡುವೆ ಓಣಿ ಬಿಡುವುದು. ಓಣಿಯ ಮೇಲೂ ಒಂದು ತುದಿಗೂ ಟಾರ್ಪಾಲ್ ಹೊದಿಸುವುದು. ಇನ್ನೊಂದು ತುದಿಯಿಂದ ಫ್ಯಾನ್ ಗಾಳಿ ಹೀರುತ್ತದೆ. ಓಣಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ, ರೂಮಿನ ತಂಪು ಗಾಳಿ ಬಾಕ್ಸಿನ ಕಿಂಡಿಗಳಲ್ಲಿ ನುಗ್ಗಿ, ಹಣ್ಣುಗಳನ್ನು ಸವರಿಕೊಂಡು ಓಣಿಗೆ ಬರುತ್ತದೆ. ಸುಮ್ನೆ ಕೋಲ್ಡ್ ರೂಮಿನಲ್ಲಿಟ್ಟರೆ ಒಂದು ದಿನ ಹಿಡಿಯುವ ಕೆಲಸ ಹೀಗೆ ಒಂದೆರಡು ಗಂಟೆಯಲ್ಲಿ ಮುಗಿಯಬೇಕು. ನಮ್ಮಲ್ಲಿ ಮುಗಿಯುತ್ತಿರಲಿಲ್ಲ.

ವಾಪಸ್ ಗಾಳಿ ತಣ್ಣಗಿದೆ, ಥರ್ಮೋಸ್ಟಾಟ್ ಆಗಾಗ ಕಂಪ್ರೆಸರ್ ನಿಲ್ಲಿಸುತ್ತಿದೆ. ಅಂದ ಮೇಲೆ ತಂಪಿಗೇನೂ ಕೊರತೆಯಿಲ್ಲ, ಗಾಳಿಯೇ ಸಾಲದು ಅಂತ ಲೆಕ್ಕ ಹಾಕಿದೆ. ಎರಡರಷ್ಟು ಪವರ್‌ನ ಫ್ಯಾನ್ ತರಿಸಿದೆ. ಅದರ ಸದ್ದಿಗೇ ನನಗೆ ಸಮಾಧಾನವಾಯಿತು. ಹೊರಗಡೆ ಸಾಲಿನ ಬಾಕ್ಸಿನಲ್ಲಿ ಒಂದು ಹಣ್ಣಿಗೆ ಸೂಜಿ ಥರ್ಮಾಮೀಟರ್ ಚುಚ್ಚಿ ನೋಡಿದೆ, 3 ಡಿಗ್ರಿ. ಲೋಡ್ ಕಳಿಸಿಬಿಟ್ಟೆ. ಓಣಿಯ ಕಡೆಯ ಬಾಕ್ಸುಗಳು ಇನ್ನೂ ಬೆಚ್ಚಗೇ ಇದ್ದವು. ರೀಫರ್ ಲಾರಿ, ಅಂದರೆ ಕೂಲಿಂಗ್ ಇರುವ ಲಾರಿ, ದಾರಿಯಲ್ಲಿ ಹಣ್ಣನ್ನು ತಣ್ಣಗೆ ಮಾಡುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಮಾಡಲ್ಲ. ತಣ್ಣಗಿರುವುದನ್ನು ತಣ್ಣಗಿಡುವುದಷ್ಟೇ ಅದರ ಕೆಲಸ. ಮಾಲು ತಲುಪುವ ಹೊತ್ತಿಗೆ ಒಳಗಿನ ಬಾಕ್ಸುಗಳಲ್ಲಿ ಬೂದು ಬೂಸ್ಟು ಹತ್ತಿತ್ತು. ಪೂರ್ತಿ ಲೋಡ್ ವಾಪಸ್.

ಆಗ ನೋಡಲು ಬಂದವನು ಕೋಲ್ಡ್ ಸ್ಟೋರೇಜ್‌ನವನಲ್ಲ. ಕಂಪ್ಯೂಟರ್ ಸರ್ವರ್‌ಗಳ ಕೂಲಿಂಗ್ ನೋಡಿಕೊಳ್ಳುವ ಗೆಳೆಯ. ಮೀಟರನ್ನು ಮುಟ್ಟಲೂ ಇಲ್ಲ. ಒಂದು ಟಿಶ್ಯೂ ಪೇಪರನ್ನು ಉದ್ದಕ್ಕೆ ಹರಿದು ಬಾಕ್ಸಿನ ಕಿಂಡಿಯ ಮುಂದೆ ಹಿಡಿದ. ಪೇಪರಿನ ತುದಿ ಸ್ವಲ್ಪ ಅಲ್ಲಾಡಿತು, ಅಷ್ಟೇ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಪ್ಯಾಲೆಟ್ಟಿನ ಬುಡದಲ್ಲಿ ಫೋರ್ಕ್‌ಲಿಫ್ಟ್ ತೂರಿಸುವ ಸಂದಿಯ ಹತ್ತಿರ ಹಿಡಿದ. ಪೇಪರ್ ಅವನ ಕೈಯಿಂದ ಕಿತ್ತುಕೊಂಡು ಒಳಗೆ ಹೋಯಿತು. "ರ್‍ಯಾಕಿನಲ್ಲಿ ಸರ್ವರ್ ಇಲ್ಲದ ಖಾಲಿ ಜಾಗಕ್ಕೆ ತಗಡು ಮುಚ್ಚದಿದ್ದರೆ ನಮ್ಮಲ್ಲೂ ಹಿಂಗೇ" ಅಂದ.

ಇದನ್ನು ಸ್ವಲ್ಪ ಜಾಸ್ತಿಯೇ ವಿವರಿಸುತ್ತೇನೆ, ಏಕೆಂದರೆ ನನ್ನ ದುಡ್ಡು ಹೋಗಿದ್ದೇ ಇಲ್ಲಿ. ಓಣಿಗೆ ಬರಲು ಗಾಳಿಗೆ ಎರಡು ದಾರಿ. ಒಂದು ಇಕ್ಕಟ್ಟಾದ ಬಾಕ್ಸುಗಳ ಮೂಲಕ, ಇನ್ನೊಂದು ಬುಡದ ಸಂದಿಯಲ್ಲಿ ಆರಾಮಾಗಿ. ಎರಡು ದಾರಿಗೂ ಒತ್ತಡದ ವ್ಯತ್ಯಾಸ ಒಂದೇ. ಹಾಗಾಗಿ ಜಾಸ್ತಿ ಗಾಳಿ ಸಂದಿಯಲ್ಲೇ ಹೋಗುತ್ತದೆ. ತೂತಾದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ. ಜೋರಾಗಿ ಹೀರಿದರೆ ತೂತಿನ ಗಾಳಿಯೂ ಜೋರಾಗೇ ಬರುತ್ತದೆ, ಪಾಲು ಬದಲಾಗಲ್ಲ. ಅದರ ಮೇಲೆ ಫ್ಯಾನಿನ ಲೆಕ್ಕ ಬೇರೆ: ಗಾಳಿ ಎರಡರಷ್ಟು ಬೇಕೆಂದರೆ ಪವರ್ ಎಂಟರಷ್ಟು ಬೇಕು. ನಾನು ಪವರ್ ಎರಡರಷ್ಟು ಮಾಡಿದ್ದಕ್ಕೆ ಗಾಳಿ ಹೆಚ್ಚಿದ್ದು ಕಾಲು ಭಾಗದಷ್ಟು, ಅದರಲ್ಲೂ ದೊಡ್ಡ ಪಾಲು ಪ್ಯಾಲೆಟ್ಟಿನ ಕೆಳಗೇ ಹೋಯಿತು. ಮೋಟಾರ್ ರೂಮಿನೊಳಗೇ ಇದ್ದರೆ ಅದು ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ಅದನ್ನೂ ಕಂಪ್ರೆಸರ್ರೇ ಹೊರಗೆ ಹಾಕಬೇಕು.

ಇನ್ನು ನಿಮ್ಮ 2 ಡಿಗ್ರಿ ವಿಷಯ. ಹಣ್ಣು ಬಿಸಿ, ವಾಪಸ್ ಗಾಳಿ ತಂಪು ಅಂದರೆ ಆ ಗಾಳಿ ಹಣ್ಣನ್ನು ಮುಟ್ಟೇ ಇಲ್ಲ. ಸಂದಿಗಳಿಗೆಲ್ಲ ದಪ್ಪ ಫೋಮ್ ತುರುಕಿ, ಟಾರ್ಪಾಲನ್ನು ಪ್ಯಾಲೆಟ್ಟಿಗೆ ಅಂಟಿದ ಹಾಗೆ ಎಳೆದು ಕಟ್ಟಿದ ಮೇಲೆ ನಮ್ಮಲ್ಲಿ ವಾಪಸ್ ಗಾಳಿಯ ಉಷ್ಣಾಂಶ ಏರಿತು. ಏನೋ ಕೆಟ್ಟಿತು ಅಂತ ಗಾಬರಿಯಾದೆ. ಕೆಟ್ಟಿರಲಿಲ್ಲ. ಹಣ್ಣಿನ ಬಿಸಿ ಆಗಷ್ಟೇ ಹೊರಗೆ ಬರಲು ಶುರುವಾಗಿತ್ತು.

ಆದ್ದರಿಂದ ಮೊದಲು ಬುಡ, ಮೇಲ್ಭಾಗ, ಪ್ಯಾಲೆಟ್‌ಗಳ ನಡುವಿನ ಸಂದಿ ಎಲ್ಲ ಮುಚ್ಚಿ. ಬಾಕ್ಸಿನ ಕಿಂಡಿ ಪಕ್ಕದ ಬಾಕ್ಸಿನ ಕಿಂಡಿಗೆ ಎದುರಾಗಿದೆಯಾ ನೋಡಿ. ಕಿಂಡಿಗಳೆಲ್ಲ ಸೇರಿ ಬಾಕ್ಸಿನ ಆ ಬದಿಯ ವಿಸ್ತೀರ್ಣದ 5% ಆದರೂ ಇರಬೇಕು. ಒಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರೆ ಯಾವ ಫ್ಯಾನೂ ಏನೂ ಮಾಡಲ್ಲ. ಥರ್ಮಾಮೀಟರನ್ನು ಓಣಿಯ ಕಡೆಯ ಬಾಕ್ಸಿನ ಹಣ್ಣಿಗೆ ಚುಚ್ಚಿ, ಕೊನೆಗೆ ತಣ್ಣಗಾಗುವುದು ಅದೇ. ಗೋಡೆಯ ಮೀಟರನ್ನು ಮರೆತುಬಿಡಿ.

ಇಷ್ಟಾದ ಮೇಲೆ ಕಂಪ್ರೆಸರ್ ನಿಲ್ಲದೆ ಓಡುತ್ತಾ, ರೂಮೇ ಬೆಚ್ಚಗಾಗುತ್ತಾ ಹೋದರೆ ಆಗ ಅದರ ಮಾತು. 1000 ಕೆ.ಜಿ. ಹಣ್ಣನ್ನು ಎರಡು ಗಂಟೆಯಲ್ಲಿ 30ರಿಂದ 5-6 ಡಿಗ್ರಿಗೆ ಇಳಿಸಲು ಸರಾಸರಿ 13 ಕಿಲೋವ್ಯಾಟ್, ಅಂದರೆ ಸುಮಾರು 4 ಟನ್ ಕೂಲಿಂಗ್ (ಏಸಿಗೆ ಹೇಳುವ ಟನ್, ತೂಕದ್ದಲ್ಲ) ಬೇಕು. ಆದರೆ ಶುರುವಿನಲ್ಲಿ ಹಣ್ಣು ಬಿಸಿಯಿರುವಾಗ ಲೋಡ್ 30 ಕಿಲೋವ್ಯಾಟ್ ದಾಟುತ್ತದೆ, ಹತ್ತಿರ ಹತ್ತಿರ 9 ಟನ್. ತಣ್ಣಗಾದ ಮಾಲು ಇಟ್ಟುಕೊಳ್ಳಲು ಮಾತ್ರ ಕಟ್ಟಿದ ರೂಮು ಇಷ್ಟು ಲೋಡ್ ತಡೆಯಲ್ಲ. ಹೊಸ ಯಂತ್ರ ತರುವ ಮುಂಚೆ ಒಂದು ಸಲಕ್ಕೆ ಹಾಕುವ ಮಾಲು ಅರ್ಧ ಮಾಡಿ ನೋಡಿ.

ಹಣ್ಣು ಗಾಳಿಯ ಉಷ್ಣಾಂಶಕ್ಕೇ ಮುಟ್ಟಲಿ ಅಂತ ಕಾಯಬೇಡಿ. ಹಣ್ಣಿಗೂ ಗಾಳಿಗೂ ಇರುವ ಉಷ್ಣಾಂಶದ ವ್ಯತ್ಯಾಸದಲ್ಲಿ ಅರ್ಧ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೋ, ಉಳಿದದ್ದರ ಅರ್ಧಕ್ಕೂ ಅಷ್ಟೇ ಹಿಡಿಯುತ್ತದೆ. ಹೀಗೆ ಮೂರು ಸಲ ಇಳಿದರೆ 7/8 ಭಾಗ ಮುಗಿದ ಹಾಗೆ, ಉಳಿದದ್ದು ಸ್ಟೋರ್ ರೂಮಿನಲ್ಲಿ ಇಳಿಯಲಿ. ಅಲ್ಲಿಗೆ ಫ್ಯಾನ್ ನಿಲ್ಲಿಸಿ. ರಾತ್ರಿಯೆಲ್ಲ ಓಡಿಸಿದರೆ ಹಣ್ಣು ಒಣಗಿ ತೂಕ ಹೋಗುತ್ತದೆ, ಸ್ಟ್ರಾಬೆರಿಯ ಹಸಿರು ತೊಟ್ಟು ಬಾಡುತ್ತದೆ.

ಅಂದಹಾಗೆ, ಯಾವ ಹಣ್ಣು ಅಂತ ನೀವು ಬರೆದೇ ಇಲ್ಲ. ಬಾಳೆ ಆಗಿದ್ದರೆ ಈ 2 ಡಿಗ್ರಿ ಗಾಳಿಯನ್ನು ಇವತ್ತೇ ನಿಲ್ಲಿಸಿ. 13 ಡಿಗ್ರಿಗಿಂತ ಕೆಳಗಿಳಿದರೆ ಅದರ ಸಿಪ್ಪೆ ಕಪ್ಪಾಗುತ್ತದೆ.